ಡ್ರೈವ್ ಥ್ರೂ ಕಿಟಕಿಯ ಆಚೆ ಈಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಹಾಯೋದ ಕೊಲಂಬಸ್ ಹತ್ತಿರದ ಒಂದು ಫಾಸ್ಟ್ ಫುಡ್ ಅಂಗಡಿಯಲ್ಲಿ ನಾನು ಎರಡು ವರ್ಷ, ಕಾರಿನಿಂದ ಇಳಿಯದೆಯೇ ತಿನಿಸು ಕೊಳ್ಳುವ ಡ್ರೈವ್ ಥ್ರೂ ಕಿಟಕಿಯ ಕೆಲಸ ಮಾಡಿದೆ. ಅದಕ್ಕೂ ಮೊದಲು ನಾಲ್ಕು ವರ್ಷ ಕಿಟಕಿಯ ಈಚೆ, ಕಾರಿನಲ್ಲಿ ಕೂತು ಕಾದವಳು. ಕನ್ನಡ ಸಂಘದ ಯುಗಾದಿ ಊಟದಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ, ಹೊಸದಾಗಿ ಬಂದವರ ವಾಟ್ಸಾಪ್ ಸಂದೇಶಗಳಲ್ಲಿ ಅವೇ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಬರೆದು, ನನಗೆ ಗೊತ್ತಿರುವ ಉತ್ತರ ಕೊಟ್ಟಿದ್ದೇನೆ. ಇಲ್ಲಿರುವುದೆಲ್ಲ ಅಮೆರಿಕದ ಡ್ರೈವ್ ಥ್ರೂ ಬಗ್ಗೆ.

## ಹೊಸದಾಗಿ ಬಂದವರಿಗೆ

ಡ್ರೈವ್ ಥ್ರೂ ಅಂದ್ರೆ ನಮ್ಮ ಏರ್‌ಲೈನ್ಸ್ ಹೋಟೆಲ್ ಥರಾನೇ ಅಲ್ವಾ?

ಅಲ್ಲ. ಬೆಂಗಳೂರಿನ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್‌ನಲ್ಲಿ ಮರದ ಕೆಳಗೆ ಕಾರು ನಿಲ್ಲಿಸುತ್ತೀರಿ, ಮಾಣಿ ಹತ್ತಿರ ಬಂದು ಕೇಳುತ್ತಾರೆ, ಕಾರಿನಲ್ಲೇ ದೋಸೆ ತಿಂದು ಕಾಫಿ ಕುಡಿದು ಹೊರಡುತ್ತೀರಿ. ಅದು ಡ್ರೈವ್ ಇನ್. ಡ್ರೈವ್ ಥ್ರೂ ಇರುವುದೇ ನಿಲ್ಲದಿರುವುದಕ್ಕೆ. ಒಂದು ಕಡೆ ಹೇಳಿ, ಇನ್ನೊಂದು ಕಡೆ ಹಣ ಕೊಟ್ಟು, ಮತ್ತೊಂದು ಕಡೆ ಚೀಲ ಇಸಿದುಕೊಂಡು ಹೊರಟುಬಿಡಬೇಕು. ಕಿರಿಕಿರಿ ಹುಟ್ಟುವುದು ಅಲ್ಲಿಂದಲೇ: ನಿಲ್ಲಬಾರದ ಜಾಗದಲ್ಲಿ ನಿಲ್ಲಬೇಕಾಗಿ ಬಂದಾಗ.

1947ರಲ್ಲಿ ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ರೂಟ್ 66 ಹೆದ್ದಾರಿ ಬದಿಯ ರೆಡ್ಸ್ ಜೈಂಟ್ ಹ್ಯಾಂಬರ್ಗ್ ಎಂಬ ಅಂಗಡಿ ಇಂಥ ಕಿಟಕಿ ತೆರೆಯಿತು. ಮೊದಲನೆಯದು ಎಂದು ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ. ಮರುವರ್ಷ ಕ್ಯಾಲಿಫೋರ್ನಿಯಾದ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಇನ್ ಎನ್ ಔಟ್ ಎಂಬ ಬರ್ಗರ್ ಅಂಗಡಿ ಎರಡೂ ಕಡೆ ಮಾತಾಡುವ ಸ್ಪೀಕರ್ ಇಟ್ಟಿತು. ಮ್ಯಾಕ್‌ಡೊನಾಲ್ಡ್ಸ್ ಬಂದಿದ್ದು ಬಹಳ ತಡವಾಗಿ, 1975ರಲ್ಲಿ, ಅರಿಝೋನಾದ ಸಿಯೆರಾ ವಿಸ್ಟಾದಲ್ಲಿ. ಪಕ್ಕದ ಫೋರ್ಟ್ ಹುವಾಚುಕಾ ಸೇನಾ ನೆಲೆಯ ಸೈನಿಕರು ಕೆಲಸದ ಸಮವಸ್ತ್ರದಲ್ಲಿ ಹೊರಗೆ ಕಾರಿನಿಂದ ಇಳಿಯುವಂತಿರಲಿಲ್ಲ. ಅವರಿಗಾಗಿ ಗೋಡೆಗೊಂದು ಕಿಟಕಿ ಮಾಡಿದರು. ಈಗ ಅಮೆರಿಕದಲ್ಲಿ ಆ ಕಂಪನಿಯ ವ್ಯಾಪಾರದ ಬಹುಪಾಲು ನಡೆಯುವುದು ಇದರಲ್ಲೇ.

ಮೊದಲ ಸಲ ಹೋಗ್ತಿದ್ದೀನಿ. ಎಲ್ಲಿ ನಿಲ್ಲಿಸ್ಬೇಕು, ಯಾವಾಗ ಮಾತಾಡ್ಬೇಕು?

ಮೆನು ಫಲಕದ ಪಕ್ಕ ಸ್ಪೀಕರ್ ಇರುತ್ತದೆ. ನಿಮ್ಮ ಕಿಟಕಿ ಅದಕ್ಕೆ ಸರಿಯಾಗಿ ಬರುವ ಹಾಗೆ ನಿಲ್ಲಿಸಿ. ಅಲ್ಲಿ ನೆಲದೊಳಗೆ ತಂತಿಯ ಸುತ್ತು ಹೂತಿರುತ್ತಾರೆ. ಕಾರಿನ ಲೋಹ ಅದರ ಮೇಲೆ ಬಂದೊಡನೆ ಒಳಗಿನವರ ಕಿವಿಯಲ್ಲಿ "ಟಿಂಗ್" ಎನ್ನುತ್ತದೆ. ತೀರಾ ಹಿಂದೆ ನಿಂತರೆ ಆ ಶಬ್ದವೇ ಬರುವುದಿಲ್ಲ, ನೀವು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. "ಐದು ನಿಮಿಷ ಕಾದೆ, ಯಾರೂ ಮಾತಾಡಿಸಲಿಲ್ಲ" ಎಂದವರಲ್ಲಿ ಅನೇಕರು ನಾಲ್ಕಡಿ ಹಿಂದೆ ನಿಂತವರು. ಪಾಪ, ಅವರಿಗೆ ಹೇಳುವವರು ಇರಲಿಲ್ಲ.

ಮಾತಾಡುವಾಗ ಹಾಡು ನಿಲ್ಲಿಸಿ, ಹಿಂದಿನ ಸೀಟಿನವರಿಗೆ ಸುಮ್ಮನಿರಲು ಹೇಳಿ. ಆ ಮೈಕಿಗೆ ನಿಮ್ಮ ದನಿ, ಎಂಜಿನ್ ಸದ್ದು, ಮಗುವಿನ ಅಳು ಎಲ್ಲ ಒಂದೇ.

ನನ್ನ ಇಂಗ್ಲಿಷ್ ಅವರಿಗೆ ಅರ್ಥನೇ ಆಗಲ್ಲ. ಮೂರ್ಮೂರು ಸಲ ಹೇಳಿಸ್ತಾರೆ, ಹಿಂದಿನ ಕಾರಿನವರ ಮುಂದೆ ಅವಮಾನ ಆಗುತ್ತೆ. ಏನ್ಮಾಡ್ಲಿ ಅಕ್ಕ?

ಅವಮಾನ ಅಂದುಕೊಳ್ಳಬೇಡಿ. ಒಳಗೆ ನಿಂತು ಕೇಳಿಸಿಕೊಂಡವಳಾಗಿ ಹೇಳುತ್ತೇನೆ: ಒಹಾಯೋದಲ್ಲೇ ಹುಟ್ಟಿ ಬೆಳೆದವರಿಂದಲೂ ಮೂರು ಸಲ ಹೇಳಿಸಿದ್ದೇನೆ. ಹೆಡ್‌ಸೆಟ್‌ನಲ್ಲಿ ಬರುವುದು ಹಳೇ ರೇಡಿಯೋದ ಹಾಗೆ ಒಡಕು ದನಿ. ಅದರ ಜತೆಗೆ ಬೆನ್ನ ಹಿಂದೆ ಎಣ್ಣೆ ಬಾಣಲೆಯ ಗಂಟೆ, ಐಸ್ ಸುರಿಯುವ ಸದ್ದು. ಮುಖ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ. ಎದುರೆದುರು ನಿಂತಾಗ ನಿಮ್ಮ ಮಾತು ಸಲೀಸಾಗಿ ಅರ್ಥವಾಗುವ ಅದೇ ಹುಡುಗನಿಗೆ ಸ್ಪೀಕರ್‌ನಲ್ಲಿ ಆಗುವುದಿಲ್ಲ.

ಆದರೂ ನಮ್ಮವರಿಗೆ ತೊಡಕಾಗುವ ಕೆಲವು ಮಾತುಗಳಿವೆ. ನಾವು ಅನ್ನುವ "ವಾಟರ್" ಇಲ್ಲಿನ ಕಿವಿಗೆ ನೀರಾಗಿ ಕೇಳುವುದೇ ಇಲ್ಲ. "ವಾಡರ್" ಎಂದು ಡ ಕಾರ ಹಚ್ಚಿ ನೋಡಿ. "ಪಾರ್ಸೆಲ್" ಎಂದರೆ ಅವರಿಗೆ ಅಂಚೆಯ ಕಟ್ಟು. "ಫಿಫ್ಟೀನ್" ಮತ್ತು "ಫಿಫ್ಟಿ" ಎರಡನ್ನೂ ನಾವು ಮೊದಲ ಅಕ್ಷರ ಒತ್ತಿ ಹೇಳುತ್ತೇವೆ, ಅವರು ಫಿಫ್ಟೀನ್‌ನಲ್ಲಿ ಕೊನೆಯದನ್ನು ಒತ್ತುತ್ತಾರೆ.

ಇನ್ನೊಂದು, ಹೇಳುವ ಕ್ರಮ. ನಮ್ಮಲ್ಲಿ "ಈರುಳ್ಳಿ ಹಾಕಬೇಡಿ, ಖಾರ ಕಮ್ಮಿ, ಒಂದು ಮಸಾಲೆ" ಎಂದರೂ ಅಡುಗೆಮನೆಗೆ ಸರಿಯಾಗಿಯೇ ಹೋಗುತ್ತದೆ. ಇಲ್ಲಿ ಕೆಲಸದವರು ನಿಮ್ಮ ಮಾತಿನ ಜತೆಜತೆಗೇ ಪರದೆಯ ಮೇಲೆ ಗುಂಡಿ ಒತ್ತುತ್ತಿರುತ್ತಾರೆ. ಮೊದಲು ತಿನಿಸು ಒತ್ತದೆ ಅದರಿಂದ ಏನನ್ನೂ ತೆಗೆಯಲು ಬರುವುದಿಲ್ಲ. ಹಾಗಾಗಿ ಮೊದಲು ತಿನಿಸು, ಆಮೇಲೆ ಗಾತ್ರ, ಆಮೇಲೆ ಬೇಡವಾದದ್ದು. ಒಂದು ಮುಗಿಸಿ ಅರೆಗಳಿಗೆ ನಿಲ್ಲಿ, ಮತ್ತೆ ಇನ್ನೊಂದು.

ಇಷ್ಟಾಗಿಯೂ ಹೆದರಿಕೆ ಹೋಗದಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಮೊದಲೇ ಆರಿಸಿಟ್ಟುಕೊಂಡು ಸ್ಪೀಕರ್‌ನಲ್ಲಿ ಬರೀ ಕೋಡ್ ಹೇಳಬಹುದು. ಅಪ್ಪ ಅಮ್ಮ ಊರಿಂದ ಬಂದಾಗ ನಾನು ಇಳಿದು ಒಳಗೇ ಹೋಗುತ್ತೇನೆ. ಅವರಿಗೆ ಚಿತ್ರ ನೋಡಿ ಬೆರಳು ತೋರಿಸುವ ಬಿಡುವು ಬೇಕು.

ನಾವು ಪೂರ್ತಿ ಸಸ್ಯಾಹಾರಿಗಳು. ಫ್ರೆಂಚ್ ಫ್ರೈಸ್ ಆದ್ರೂ ತಿನ್ನಬಹುದಲ್ಲ?

ಕಂಪನಿ ನೋಡಿ ತಿನ್ನಿ. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಫ್ರೈಸ್‌ನಲ್ಲಿ ದನದ ಮಾಂಸದ ರುಚಿ ಬೆರೆತಿದೆ. 1990ರಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದನ್ನು ಬಿಟ್ಟು ಸಸ್ಯದ ಎಣ್ಣೆಗೆ ಬಂದೆವು ಎಂದು ಕಂಪನಿ ಸಾರಿತು. ನಮ್ಮವರು ಅದನ್ನೇ ನಂಬಿ ವರ್ಷಗಟ್ಟಲೆ ತಿಂದರು. ಆದರೆ ಎಣ್ಣೆ ಬದಲಾದರೂ ಆಲೂಗಡ್ಡೆಗೆ ಆ ರುಚಿ ಸೇರಿಸುವುದು ನಿಂತಿರಲಿಲ್ಲ. 2001ರಲ್ಲಿ ಸಿಯಾಟಲ್‌ನ ಭಾರತೀಯ ಮೂಲದ ವಕೀಲ ಹರೀಶ್ ಭಾರ್ತಿ ಮೊಕದ್ದಮೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಹಿಂದೂ, ಸಸ್ಯಾಹಾರಿ ಮತ್ತಿತರ ಸಂಸ್ಥೆಗಳಿಗೆ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಪದಾರ್ಥ ಮಾತ್ರ ಇಂದಿಗೂ ಇಲ್ಲಿನ ಪಟ್ಟಿಯಲ್ಲಿದೆ. ಭಾರತದಲ್ಲಿ ಮಾರುವ ಫ್ರೈಸ್ ಬೇರೆ, ಅದರಲ್ಲಿ ಇದಿಲ್ಲ.

ಬರ್ಗರ್ ಕಿಂಗ್‌ನ ಇಂಪಾಸಿಬಲ್ ವಾಪರ್ ಎಂಬ ಬರ್ಗರ್‌ನ ಬಿಲ್ಲೆ ಸಸ್ಯದ್ದೇ, ಆದರೆ ಮಾಂಸ ಸುಡುವ ಬೆಂಕಿಯಲ್ಲೇ ಅದನ್ನೂ ಸುಡುತ್ತಾರೆ. ಬೇರೆಯಾಗಿ ಬೇಯಿಸಿಕೊಡಿ ಎಂದು ಕೇಳಬಹುದು. ಮೆಕ್ಸಿಕನ್ ಬಗೆಯ ತಿನಿಸು ಮಾರುವ ಟಾಕೋ ಬೆಲ್‌ಗೆ ನಮ್ಮವರು ಮುಗಿಬೀಳುವುದಕ್ಕೆ ಕಾರಣವಿದೆ: ಅಲ್ಲಿನ ಬೀನ್ಸ್ ಸಸ್ಯಾಹಾರಿ, ಬಹಳಷ್ಟು ತಿನಿಸುಗಳಲ್ಲಿ ಮಾಂಸದ ಬದಲು ಅದನ್ನು ಹಾಕಿಸಿಕೊಳ್ಳಬಹುದು.

ಸ್ಪೀಕರ್‌ನಲ್ಲಿ "ನೋ ಮೀಟ್" ಎಂದಷ್ಟೇ ಹೇಳಬೇಡಿ. ಕೋಳಿ, ಬೇಕನ್ (ಹಂದಿ ಮಾಂಸ) ಚೂರು ಮೀಟ್ ಲೆಕ್ಕಕ್ಕೆ ಬಾರದು ಎಂದುಕೊಂಡವರು ಇದ್ದಾರೆ. "ನೋ ಬೀಫ್, ನೋ ಚಿಕನ್, ನೋ ಬೇಕನ್" ಎಂದು ಒಂದೊಂದೇ ಹೆಸರು ಹಿಡಿದು ಹೇಳಿ. ನಾನು ಕಿಟಕಿಯಲ್ಲಿದ್ದಾಗ ನಮ್ಮವರ ಕಾರು ಬಂದರೆ ಚೀಲ ಕೊಡುವ ಮೊದಲು ಪೊಟ್ಟಣ ಬಿಚ್ಚಿ ನೋಡುತ್ತಿದ್ದೆ. ಒಮ್ಮೆ ಹಾಗೆ ನೋಡಿದ್ದರಿಂದ ಒಬ್ಬ ಅಜ್ಜಿಯ ಏಕಾದಶಿಯ ಮರುದಿನದ ಊಟ ಕೆಡದೆ ಉಳಿಯಿತು.

## ಕಾಯುವಾಗ, ತಪ್ಪಾದಾಗ

ಮುಂದೆ ಒಂದೇ ಕಾರು ಇದೆ, ಆದ್ರೂ ಹತ್ತು ನಿಮಿಷ ಆಯ್ತು. ಒಳಗೆ ಏನ್ ಮಾಡ್ತಿರ್ತಾರೆ?

ನಿಮಗೆ ಕಾಣುವುದು ಕಾರುಗಳ ಸಾಲು ಒಂದೇ. ಅಡುಗೆಮನೆಯ ಪರದೆಯಲ್ಲಿ ನಾಲ್ಕು ಸಾಲುಗಳು ಒಟ್ಟಿಗೆ ಬರುತ್ತಿರುತ್ತವೆ: ಕಾರಿನವರದು, ಒಳಗೆ ಕೌಂಟರ್‌ನಲ್ಲಿ ನಿಂತವರದು, ಆ್ಯಪ್‌ನಲ್ಲಿ ಹೇಳಿದವರದು, ಮನೆಗೆ ತಲುಪಿಸುವ ಡೆಲಿವರಿಯವರದು. ಅದೇ ಬಾಣಲೆ, ಅದೇ ಇಬ್ಬರು. ಕಚೇರಿಯೊಂದರಿಂದ ನಲವತ್ತು ಬರ್ಗರ್ ಆ್ಯಪ್‌ನಲ್ಲಿ ಬಂದರೆ ಹೊರಗೆ ಸಾಲು ಖಾಲಿ ಕಂಡರೂ ಒಳಗೆ ಉಸಿರಾಡಲು ಪುರಸೊತ್ತಿಲ್ಲ.

ಹಣ ಕೊಟ್ಟ ಮೇಲೆ "ಮುಂದೆ ಹೋಗಿ ಪಾರ್ಕ್ ಮಾಡಿ" ಅಂತ ಕಳಿಸ್ತಾರೆ. ನಮ್ಮನ್ನ ಮರೆತೇಬಿಡ್ತಾರೆ. ಇದು ಯಾವ ನ್ಯಾಯ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಕಿಟಕಿಯ ಮೇಲೆ, ಕೆಲಸದವರಿಗೆ ಮಾತ್ರ ಕಾಣುವ ಹಾಗೆ, ಒಂದು ಟೈಮರ್ ಪರದೆ ಇರುತ್ತದೆ. ಪ್ರತಿ ಕಾರಿಗೂ ಒಂದು ಅಂಕಿ, ಸೆಕೆಂಡ್ ಲೆಕ್ಕ. ಹಸಿರಿನಲ್ಲಿ ಶುರುವಾಗಿ, ಹಳದಿಯಾಗಿ, ಕೆಂಪಾಗುತ್ತದೆ. ನಿಮ್ಮ ಕಾರು ಕೊನೆಯ ಕಿಟಕಿ ದಾಟಿತೋ, ನಿಮ್ಮ ಲೆಕ್ಕ ಮುಗಿಯಿತು. ಚೀಲ ಕೈಗೆ ಬಂದಿದೆಯೋ ಇಲ್ಲವೋ ಆ ಯಂತ್ರಕ್ಕೆ ತಿಳಿಯುವುದಿಲ್ಲ.

ಮುಂದೆ ಕಳಿಸುವುದಕ್ಕೆ ಒಳ್ಳೆಯ ಕಾರಣವೂ ಇದೆ. ನಿಮ್ಮ ಕೋಳಿ ಬೇಯಲು ಇನ್ನೂ ನಾಲ್ಕು ನಿಮಿಷ ಬೇಕಿದ್ದು, ಹಿಂದಿನ ಆರು ಕಾರಿನವರಿಗೆ ಬರೀ ಕಾಫಿ ಬೇಕಿದ್ದರೆ ನಿಮ್ಮನ್ನು ಪಕ್ಕಕ್ಕೆ ನಿಲ್ಲಿಸುವುದೇ ಸರಿ. ಆದರೆ ಹಿಂದೆ ಒಂದು ಕಾರೂ ಇಲ್ಲದಿರುವಾಗ ಮುಂದೆ ಹೋಗಿ ಎಂದರೆ ಅದು ಟೈಮರ್‌ಗಾಗಿ. ಆ ಅಂಕಿಗಳು ಮೇಲಿನವರಿಗೆ ಹೋಗುತ್ತವೆ, ಅಂಗಡಿ ಅಂಗಡಿಗೆ ಪೈಪೋಟಿ ಹಚ್ಚುತ್ತಾರೆ, ಮ್ಯಾನೇಜರ್ ಬೈಸಿಕೊಳ್ಳುತ್ತಾರೆ, ಆ ಬೈಗುಳ ಕಿಟಕಿಯಲ್ಲಿ ನಿಂತವರ ಕಿವಿಗೆ ಹೆಡ್‌ಸೆಟ್‌ನಲ್ಲೇ ಬರುತ್ತದೆ. ಕಾರಿನವರನ್ನು ಒಂದಡಿ ಹಿಂದೆ ಮುಂದೆ ಮಾಡಿಸಿ ಲೆಕ್ಕ ಅಳಿಸಿಬಿಡುವುದನ್ನೂ ನಾನು ಕಂಡಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಹುಡುಗಿ ನಿಮ್ಮನ್ನು ಸಾಗಹಾಕಿದ್ದು ತನ್ನ ಸಲುವಾಗಿ ಅಲ್ಲ. ಅವಳ ತಲೆಯ ಮೇಲೂ ಅದೇ ಗಡಿಯಾರ ಇದೆ.

ಪಾರ್ಕ್ ಮಾಡಿ ಎಂದರೆ ಎಷ್ಟನೇ ಜಾಗದಲ್ಲಿ ಎಂದು ಕೇಳಿ, ರಸೀದಿ ಇಟ್ಟುಕೊಳ್ಳಿ. ಐದು ನಿಮಿಷ ದಾಟಿದರೆ ಇಳಿದು ಒಳಗೆ ಹೋಗಿ. ಮತ್ತೆ ಸಾಲಿಗೆ ಬರಬೇಡಿ.

ಮನೆಗೆ ಬಂದು ಚೀಲ ಬಿಚ್ಚಿದ್ರೆ ಬೇರೆಯವರದ್ದು. ಯಾಕೆ ಹೀಗಾಗುತ್ತೆ?

ಎರಡು ಸಾಲು ಸ್ಪೀಕರ್ ಇರುವ ಕಡೆ ಹೀಗಾಗುವುದು ಹೆಚ್ಚು. ಎಡದಲ್ಲಿ ನೀವು ಮೊದಲು ಹೇಳಿದಿರಿ, ಬಲದವರು ಆಮೇಲೆ ಹೇಳಿದರು, ಆದರೆ ಸಾಲು ಕೂಡುವಲ್ಲಿ ಅವರು ಮುಂದೆ ನುಗ್ಗಿದರು. ಒಳಗಿನ ಪರದೆಯಲ್ಲಿ ನೀವೇ ಮೊದಲು. ಕೆಲವು ಕಡೆ ಕಾರಿನ ಚಿತ್ರ ಹಿಡಿದು ಹೊಂದಿಸುತ್ತಾರೆ, ಅದನ್ನು ನೋಡುವ ವ್ಯವಧಾನ ಇರಬೇಕಷ್ಟೆ. ಕಿಟಕಿಯಲ್ಲಿ ಚೀಲ ಕೊಡುವಾಗ ನೀವೇ ದೊಡ್ಡದಾಗಿ ಹೇಳಿಬಿಡಿ: ಎರಡು ಬೀನ್ ಬರಿಟೋ, ಒಂದು ಕಾಫಿ. ಮೂರು ಸೆಕೆಂಡ್ ಕೆಲಸ.

ಮನೆಗೆ ಹೋದ ಮೇಲೆ ಗೊತ್ತಾದರೆ ಫೋನ್ ಮಾಡಿ. ಸಾಮಾನ್ಯವಾಗಿ ಹೆಸರು ಬರೆದಿಟ್ಟುಕೊಂಡು ಮುಂದಿನ ಸಲ ಕೊಡುತ್ತಾರೆ.

ಐಸ್‌ಕ್ರೀಮ್ ಮಶೀನ್ ಯಾವಾಗ್ಲೂ ಕೆಟ್ಟಿರುತ್ತಲ್ಲ, ಸುಳ್ಳು ಹೇಳ್ತಾರಾ?

ಕೆಲವು ಸಲ ಕೆಟ್ಟಿರುವುದಿಲ್ಲ, ತೊಳೆದುಕೊಳ್ಳುತ್ತಿರುತ್ತದೆ. ಮ್ಯಾಕ್‌ಡೊನಾಲ್ಡ್ಸ್‌ನಂಥ ಕಡೆಯ ಟೇಲರ್ ಕಂಪನಿಯ ಯಂತ್ರ ರಾತ್ರಿ ಹೊತ್ತು ಹಾಲನ್ನು ಕಾಯಿಸಿ, ಕ್ರಿಮಿ ಕೊಂದು, ಮತ್ತೆ ತಣ್ಣಗೆ ಮಾಡಿಕೊಳ್ಳಲು ಸುಮಾರು 4 ಗಂಟೆ ತೆಗೆದುಕೊಳ್ಳುತ್ತದೆ. ಹಾಲು ಸ್ವಲ್ಪ ಹೆಚ್ಚು ಕಡಿಮೆಯಾದರೂ ಆ ಸುತ್ತು ನಿಂತುಹೋಗುತ್ತದೆ, ಬೆಳಿಗ್ಗೆ ಬಂದವರು ಮೊದಲಿಂದ ಶುರು ಮಾಡಬೇಕು. ರಿಪೇರಿಗೆ ಕಂಪನಿ ಒಪ್ಪಿದವರೇ ಬರಬೇಕಿತ್ತು, ಯಂತ್ರದ ಸಾಫ್ಟ್‌ವೇರ್‌ಗೆ ಬೀಗ ಇತ್ತು. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಅಂಗಡಿಗಳ ಇಂಥ ಅಡುಗೆ ಯಂತ್ರಗಳ ರಿಪೇರಿಗಾಗಿ ಆ ಬೀಗ ಒಡೆಯಲು ವಿನಾಯಿತಿ ಕೊಟ್ಟಿದೆ.

ಟಿಪ್ ಕೊಡ್ಬೇಕಾ?

ಬರ್ಗರ್ ಅಂಗಡಿಯ ಕಿಟಕಿಯಲ್ಲಿ ರೂಢಿಯಿಲ್ಲ, ಬಹಳ ಕಡೆ ತೆಗೆದುಕೊಳ್ಳುವಂತೆಯೂ ಇಲ್ಲ. ಕಾಫಿ ಅಂಗಡಿಯ ಪರದೆಯಲ್ಲಿ ಕೇಳುತ್ತಾರೆ, ಕೊಡುವುದು ನಿಮ್ಮ ಮನಸ್ಸು.

## ಕಿಟಕಿಯ ಒಳಗೆ

ಬರೀ ಚೀಲ ಕೊಡೋದು ತಾನೆ, ಅದ್ರಲ್ಲಿ ಕಷ್ಟ ಏನಿದೆ?

ನನ್ನ ಅತ್ತೆಯವರೂ ಇದನ್ನೇ ಕೇಳಿದ್ದರು. ಒಂದು ನಿಮಿಷ ನನ್ನ ಜಾಗದಲ್ಲಿ ನಿಲ್ಲಿ. ಕಿಟಕಿಯಲ್ಲಿರುವವರ ಹತ್ತಿರ ಹಣ ಇಸಿದುಕೊಂಡು ಚಿಲ್ಲರೆ ಎಣಿಸುತ್ತಿದ್ದೇನೆ. ಅದೇ ಗಳಿಗೆಯಲ್ಲಿ ಕಿವಿಯೊಳಗೆ ಸ್ಪೀಕರ್ ಹತ್ತಿರದವರು ಆರ್ಡರ್ ಹೇಳುತ್ತಿದ್ದಾರೆ, ಅದನ್ನು ಬೆರಳಿನಲ್ಲಿ ಒತ್ತುತ್ತಿದ್ದೇನೆ. ಎದುರಿನವರು "ಕೆಚಪ್ ಕೊಡಿ" ಅನ್ನುತ್ತಾರೆ, ಕಿವಿಯವರು "ಅಲ್ಲ, ಅದು ಬೇಡ" ಅನ್ನುತ್ತಾರೆ. ಎದುರಿನವರನ್ನು ನೋಡಿ ನಗುತ್ತ ಕಿವಿಯವರಿಗೆ ಉತ್ತರ ಕೊಡಬೇಕು. ಎದುರಿನವರು ತಮಗೇ ಹೇಳಿದ್ದು ಅಂದುಕೊಂಡು "ಏನಂದಿರಿ?" ಅನ್ನುತ್ತಾರೆ. ಈ ನಡುವೆ ಎರಡು ಲೋಟ ತುಂಬಿಸಿ ಮುಚ್ಚಳ ಹಾಕಬೇಕು.

ಜನ ಕಡಿಮೆಯಿದ್ದ ದಿನ ಇಷ್ಟೂ ಒಬ್ಬರದೇ ಕೆಲಸ. ಜನವರಿಯಲ್ಲಿ ಕಿಟಕಿ ತೆರೆದಾಗಲೆಲ್ಲ ಹಿಮಗಾಳಿ ಎದೆಗೆ ಬಡಿಯುತ್ತದೆ, ಬೆನ್ನಿಗೆ ಬಾಣಲೆಯ ಕಾವು. ಜುಲೈನಲ್ಲಿ ಎರಡೂ ಕಡೆ ಕಾವು, ಜತೆಗೆ ಕಾರಿನ ಹೊಗೆ. ಮನೆಗೆ ಬಂದು ಮಲಗಿದ ಮೇಲೂ ನನಗೆ ಆ ಟಿಂಗ್ ಕೇಳುತ್ತಿತ್ತು. ಕೆಲಸ ಬಿಟ್ಟು ತಿಂಗಳುಗಳಾದ ಮೇಲೆ ಮನೆಯ ಮೈಕ್ರೋವೇವ್ ಸದ್ದಿಗೆ "ಹಲೋ, ವೆಲ್ಕಮ್" ಎಂದು ಬಾಯಿ ತೆರೆದದ್ದುಂಟು.

ಜನ ತುಂಬಾ ಬೈತಾರಂತೆ, ನಿಜಾನಾ?

ಬೈಯುವವರು ಕಡಿಮೆ, ಆದರೆ ರಾತ್ರಿ ನೆನಪಾಗುವುದು ಅವರೇ. ಲೋಟ ಎಸೆಯುವವರೂ ಇದ್ದಾರೆ. 2023ರಲ್ಲಿ ನಮ್ಮ ಒಹಾಯೋದ ಪಾರ್ಮಾದಲ್ಲಿ ಒಬ್ಬ ಗಿರಾಕಿ ಚಿಪೋಟ್ಲೆ ಅಂಗಡಿಯ ಮ್ಯಾನೇಜರ್ ಮುಖಕ್ಕೆ ಬಿಸಿ ಊಟದ ಬಟ್ಟಲು ಎಸೆದರು. ಜೈಲುಶಿಕ್ಷೆ ವಿಧಿಸಿದ ನ್ಯಾಯಾಧೀಶರು, ಎರಡು ತಿಂಗಳು ಫಾಸ್ಟ್ ಫುಡ್ ಅಂಗಡಿಯಲ್ಲಿ ಕೆಲಸ ಮಾಡಿದರೆ ಅಷ್ಟು ಜೈಲುವಾಸ ಕಡಿಮೆ ಮಾಡುತ್ತೇನೆ ಎಂದರು. ಆಕೆ ಒಪ್ಪಿದರು. ಆ ಘಟನೆ ಕೌಂಟರ್‌ನಲ್ಲಿ ನಡೆದದ್ದು, ಡ್ರೈವ್ ಥ್ರೂನಲ್ಲಲ್ಲ. ಕಿಟಕಿಯಲ್ಲಿ ಎಸೆದವರು ಗಾಡಿ ಓಡಿಸಿಕೊಂಡು ಹೊರಟೇಹೋಗಬಹುದು. ಆ ಅನುಕೂಲವೇ ಕೆಲವರಿಗೆ ಧೈರ್ಯ ಕೊಡುತ್ತದೆ ಎಂದು ನನಗನ್ನಿಸಿದೆ.

ನಾನು ಸ್ಟೂಡೆಂಟ್ ವೀಸಾದಲ್ಲಿದ್ದೀನಿ. ವಾರಕ್ಕೆ ಹತ್ತು ಗಂಟೆ ಇಂಥ ಕಡೆ ದುಡೀಬಹುದಾ?

ಅನುಮತಿಯಿಲ್ಲದೆ ಬೇಡ. ಎಫ್1 ವೀಸಾದವರು ಕ್ಯಾಂಪಸ್ ಒಳಗೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಹೊರಗಿನ ಅಂಗಡಿಯಲ್ಲಿ, ಕೈಗೆ ನಗದು ಕೊಡುತ್ತೇವೆ ಎಂದರೂ, ಹೋಗಬೇಡಿ. ವೀಸಾ ಸ್ಥಿತಿಯೇ ಹೋಗುತ್ತದೆ. ಎಚ್1ಬಿ ಉದ್ಯೋಗ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್4 ವೀಸಾದವರಿಗೂ ಹಾಗೆಯೇ ಇತ್ತು. ಎಚ್1ಬಿ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟಿದ್ದರೆ ಕೆಲಸದ ಪರವಾನಗಿ ಸಿಗುವ ನಿಯಮ 2015ರ ಮೇ ತಿಂಗಳಲ್ಲಿ ಜಾರಿಗೆ ಬಂತು. ನನಗೆ ಕೆಲಸ ಸಿಕ್ಕಿದ್ದು ಆ ಪರವಾನಗಿಯಿಂದ. ಎಂಎಸ್ಸಿ ಓದಿದವಳು ಬರ್ಗರ್ ಅಂಗಡಿಗಾ ಎಂದವರಿದ್ದರು. ನಾಲ್ಕು ವರ್ಷದ ನಂತರ ನನ್ನ ಹೆಸರಿಗೆ ಬಂದ ಮೊದಲ ಸಂಬಳದ ಚೆಕ್ ಅದು.

ಸಂಬಳ ಎಷ್ಟು ಬರುತ್ತೆ?

ಊರ ಮೇಲೆ ನಿಂತಿದೆ. ದೇಶದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಬಹಳ ರಾಜ್ಯಗಳಲ್ಲಿ ಅದಕ್ಕಿಂತ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ 2024ರ ಏಪ್ರಿಲ್ 1ರಿಂದ ದೊಡ್ಡ ಫಾಸ್ಟ್ ಫುಡ್ ಕಂಪನಿಗಳ ಕೆಲಸಗಾರರಿಗೆ ಗಂಟೆಗೆ ಕನಿಷ್ಠ 20 ಡಾಲರ್. ಅದೇ ವರ್ಷ ಜುಲೈಯಿಂದ ಅಲ್ಲಿ, ಕಟ್ಟಡದ ಒಳಗಿನ ಬಿಸಿ 82 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 28 ಸೆಲ್ಸಿಯಸ್ ಮುಟ್ಟಿದರೆ ಕೆಲಸಗಾರರಿಗೆ ನೀರು, ತಂಪಾದ ಜಾಗ, ಬಿಡುವು ಕೊಡಬೇಕೆಂಬ ನಿಯಮವೂ ಬಂದಿದೆ. ಬಾಣಲೆ ಪಕ್ಕ ನಿಂತವರಿಗೆ ಕೂಲಿಯಷ್ಟೇ ಮುಖ್ಯವಾದ ನಿಯಮ ಇದು.

## ಇನ್ನೂ ಆಳಕ್ಕೆ ಇಳಿದವರು ಕೇಳುವುದು

ಈಗ ಎಐ ಆರ್ಡರ್ ತಗೊಳ್ಳುತ್ತಲ್ಲ, ಇನ್ನು ಈ ಗೋಳೆಲ್ಲ ಇರಲ್ಲ ಅಲ್ವಾ?

ಸದ್ಯಕ್ಕೆ ಹಾಗನ್ನಿಸಿಲ್ಲ. ಮ್ಯಾಕ್‌ಡೊನಾಲ್ಡ್ಸ್ ಮತ್ತು ಐಬಿಎಂ ಸೇರಿ ನೂರಕ್ಕೂ ಹೆಚ್ಚು ಅಂಗಡಿಗಳಲ್ಲಿ ಯಂತ್ರದ ದನಿ ಇಟ್ಟು ನೋಡಿದವು. ಕೇಳದ ತಿನಿಸು ಸೇರುತ್ತ ಹೋದ, ಐಸ್‌ಕ್ರೀಮ್ ಮೇಲೆ ಬೇಕನ್ ಬಿದ್ದ ವಿಡಿಯೋಗಳು ಊರೆಲ್ಲ ಹರಡಿದವು. 2024ರ ಜುಲೈನಲ್ಲಿ ಆ ಪ್ರಯೋಗ ನಿಲ್ಲಿಸಿದರು. ಟಾಕೋ ಬೆಲ್ 500ಕ್ಕೂ ಹೆಚ್ಚು ಕಡೆ ಇಟ್ಟಿದೆ. ಅಲ್ಲಿ ಒಬ್ಬರು 18,000 ಲೋಟ ನೀರು ಕೇಳಿ ಅದನ್ನು ಕಂಗೆಡಿಸಿದ ಮೇಲೆ, ಎಲ್ಲೆಲ್ಲಿ ಯಂತ್ರ, ಎಲ್ಲೆಲ್ಲಿ ಮನುಷ್ಯರು ಎಂದು 2025ರಲ್ಲಿ ಕಂಪನಿ ಮತ್ತೆ ಯೋಚಿಸತೊಡಗಿತು.

ನನ್ನ ಕಳವಳ ಬೇರೆ. ಯಂತ್ರ ಕೇಳಿಸಿಕೊಳ್ಳುವುದಾದರೆ ಒಬ್ಬರು ಸಾಲದೇ ಎಂದು ಇನ್ನೊಬ್ಬರನ್ನು ತೆಗೆದರೆ, ಯಂತ್ರ ತಪ್ಪಿದಾಗ ಬೈಗುಳ ತಿನ್ನಲು ಉಳಿಯುವುದು ಆ ಒಬ್ಬರೇ. ಇನ್ನೊಂದು, ನಮ್ಮ ಅಪ್ಪ ಅಮ್ಮಂದಿರ ಇಂಗ್ಲಿಷ್. ಹದಿನೇಳರ ಹುಡುಗ ಎರಡನೇ ಸಲಕ್ಕೆ ಊಹಿಸಿ "ಓ, ವಾಡರ್!" ಅನ್ನುತ್ತಾನೆ. ಯಂತ್ರಕ್ಕೆ ಆ ಊಹೆ ಎಷ್ಟರಮಟ್ಟಿಗೆ ಬರುತ್ತದೆ ಎಂಬುದನ್ನು ನಮ್ಮಂಥವರ ದನಿಯಲ್ಲಿ ಪರೀಕ್ಷಿಸಿಯೇ ತಿಳಿಯಬೇಕು.

ಕಾಫಿ ಚೆಲ್ಲಿಕೊಂಡಿದ್ದಕ್ಕೆ ಕೋಟಿಗಟ್ಟಲೆ ಪರಿಹಾರ ತಗೊಂಡ್ರಂತೆ ಒಬ್ಬ ಅಜ್ಜಿ. ಇಲ್ಲಿನ ಜನಕ್ಕೆ ಹುಚ್ಚಾ?

ದಯವಿಟ್ಟು ಆ ಕಥೆಯನ್ನು ಹಾಗೆ ಹೇಳಬೇಡಿ. 1992ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ 79 ವರ್ಷದ ಸ್ಟೆಲ್ಲಾ ಲೀಬೆಕ್ ಮ್ಯಾಕ್‌ಡೊನಾಲ್ಡ್ಸ್ ಡ್ರೈವ್ ಥ್ರೂನಲ್ಲಿ 49 ಸೆಂಟ್ಸ್‌ನ ಕಾಫಿ ಕೊಂಡರು. ಗಾಡಿ ಓಡಿಸುತ್ತಿದ್ದವನು ಮೊಮ್ಮಗ. ಅವನು ಕಾರು ನಿಲ್ಲಿಸಿದ ಮೇಲೆ, ಸಕ್ಕರೆ ಬೆರೆಸಲು ಲೋಟವನ್ನು ಮಂಡಿಗಳ ನಡುವೆ ಹಿಡಿದು ಮುಚ್ಚಳ ತೆಗೆದರು. ಕಾಫಿ ಚೆಲ್ಲಿತು. ಕಂಪನಿಯ ನಿಯಮದ ಪ್ರಕಾರ ಅದರ ಬಿಸಿ 82ರಿಂದ 88 ಡಿಗ್ರಿ ಸೆಲ್ಸಿಯಸ್. ತೊಡೆಯ ಚರ್ಮ ಆಳದವರೆಗೆ ಸುಟ್ಟು, 8 ದಿನ ಆಸ್ಪತ್ರೆಯಲ್ಲಿದ್ದು, ಬೇರೆ ಕಡೆಯ ಚರ್ಮ ತೆಗೆದು ಹಚ್ಚಬೇಕಾಯಿತು.

ಅವರು ಕೇಳಿದ್ದು ಖರ್ಚಿನ ಬಾಬ್ತು 20,000 ಡಾಲರ್. ಕಂಪನಿ ಕೊಡುತ್ತೇನೆಂದದ್ದು 800. ಹಿಂದಿನ ಹತ್ತು ವರ್ಷಗಳಲ್ಲಿ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರುಗಳು ಕಂಪನಿಗೆ ಬಂದಿದ್ದವು ಎಂದು ನ್ಯಾಯಾಲಯದಲ್ಲಿ ಹೊರಬಿತ್ತು. 1994ರಲ್ಲಿ ಜ್ಯೂರಿ ಅಜ್ಜಿಯದೂ ನೂರಕ್ಕೆ 20 ಪಾಲು ತಪ್ಪು ಎಂದು ಹಿಡಿದು, ದಂಡ ಸೇರಿ ಸುಮಾರು 28.6 ಲಕ್ಷ ಡಾಲರ್ ಎಂದಿತು. ನ್ಯಾಯಾಧೀಶರು ಅದನ್ನು 6,40,000ಕ್ಕೆ ಇಳಿಸಿದರು. ಕೊನೆಗೆ ಎರಡೂ ಕಡೆಯವರು ಹೊರಗೆ ರಾಜಿಯಾದರು. ಚುಟುಕು ಸುದ್ದಿಯಲ್ಲಿ ಉಳಿದದ್ದು "ಕಾಫಿ, ಅಜ್ಜಿ, ಮಿಲಿಯನ್" ಮಾತ್ರ. ಬಿಸಿ ಲೋಟ ಕೈಗೆ ಕೊಡುವಾಗಲೆಲ್ಲ ನನಗೆ ಆಕೆಯ ನೆನಪಾಗುತ್ತಿತ್ತು, ಮುಚ್ಚಳ ಎರಡು ಸಲ ಒತ್ತಿ ನೋಡುತ್ತಿದ್ದೆ.

ಕಾರಿಲ್ಲದವರು ನಡ್ಕೊಂಡು ಹೋಗಿ ಕಿಟಕಿ ಹತ್ತಿರ ಕೇಳಬಹುದಾ?

ಬಹುತೇಕ ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಕಾರುಗಳ ನಡುವೆ ಜನ ನಿಂತರೆ ಅಪಾಯ ಎನ್ನುತ್ತಾರೆ, ಅದರಲ್ಲಿ ಸತ್ಯವಿದೆ. ಆದರೆ ರಾತ್ರಿ ಹತ್ತರ ನಂತರ ಒಳಗಿನ ಬಾಗಿಲು ಹಾಕಿ ಕಿಟಕಿ ಮಾತ್ರ ತೆರೆದಿಡುವ ಅಂಗಡಿಗಳು ಬಹಳ. ಆಗ ಕಾರಿಲ್ಲದವರಿಗೆ, ಕಣ್ಣು ಕಾಣದೆ ಗಾಡಿ ಓಡಿಸಲಾರದವರಿಗೆ ಊಟವೇ ಇಲ್ಲ. ಕಣ್ಣು ಕಾಣದ ಒಬ್ಬರು ಇದೇ ವಿಷಯಕ್ಕೆ 2016ರಲ್ಲಿ ಇಲಿನಾಯ್‌ನಲ್ಲಿ ಮ್ಯಾಕ್‌ಡೊನಾಲ್ಡ್ಸ್ ಮೇಲೆ ಮೊಕದ್ದಮೆ ಹೂಡಿದ್ದರು. ಮಿನಿಯಾಪೊಲಿಸ್ ನಗರ 2019ರಲ್ಲಿ ಹೊಸ ಡ್ರೈವ್ ಥ್ರೂ ಕಟ್ಟುವುದನ್ನೇ ನಿಷೇಧಿಸಿತು. ನಡೆಯುವವರ ಸುರಕ್ಷತೆ, ಕಾರಿನ ಹೊಗೆ ಅದಕ್ಕೆ ಕಾರಣ.

ಒಂದು ಫೆಬ್ರವರಿ ರಾತ್ರಿ, ಹನ್ನೊಂದರ ಮೇಲೆ, ಟಿಂಗ್ ಎನ್ನದೆಯೇ ಕಿಟಕಿಯಲ್ಲಿ ಮುಖ ಕಂಡಿತು. ಹೆಗಲ ಮೇಲೆ ಮಗು ಮಲಗಿಸಿಕೊಂಡ ಹೆಂಗಸು, ಕೊನೆಯ ಬಸ್ಸು ಇಳಿದು ಬಂದಿದ್ದರು. ಬಿಸಿ ಹಾಲಿದ್ದರೆ ಕೊಡಿ ಎಂದರು. ಕಾರಿಲ್ಲದವರಿಗೆ ಕೊಡಕೂಡದು ಎಂದು ಮ್ಯಾನೇಜರ್ ಹಿಂದಿನಿಂದ ಹೇಳಿದರು. ಕೆಲಸ ಹೋದೀತೆಂದು ನಾನು ಕೊಡಲಿಲ್ಲ. ಆಕೆ ಏನೂ ಅನ್ನದೆ ಹಿಮದಲ್ಲಿ ನಡೆದುಹೋದರು. ಹಿಂದೆ ಯಾವ ಕಾರೂ ಇರಲಿಲ್ಲ, ಟೈಮರ್ ಪರದೆ ಖಾಲಿಯಾಗಿತ್ತು.